ಒಂದೆಲೆಯ ಸುದ್ದಿ ಇನ್ನೊಂದೆಲೆಗೆ



ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ಕೊಳೆರೋಗ ಬಂದು ನಮ್ಮ ತೋಟದ ಎಳೆಯಡಿಕೆಯೆಲ್ಲ ಉದುರಿತು. ನನ್ನನ್ನು ಶಾಲೆ ಬಿಡಿಸುವ ಮಾತು ಬಂತು. ವಿಜ್ಞಾನದ ಮೇಷ್ಟ್ರು ಮನೆಗೇ ಬಂದು ಅಪ್ಪನನ್ನು ಒಪ್ಪಿಸಿದರು. ಅಂದು ಅವರನ್ನು ಕೇಳಿದ್ದೆ: "ರೋಗ ಬಂದರೆ ಮರ ಸುಮ್ಮನೆ ನಿಂತಿರುತ್ತದಾ ಸಾರ್?" ಆ ಪ್ರಶ್ನೆಯೇ ನನ್ನ ಕಸುಬಾಯಿತು.

ಸುಮ್ಮನಿರುವುದಿಲ್ಲ. 1961ರಲ್ಲಿ ಅಮೆರಿಕದ ಫ್ರಾಂಕ್ ರಾಸ್ ತಂಬಾಕು ಗಿಡದ ಕೆಳಗಿನ ಎಲೆಗಳಿಗೆ ಮೊಸಾಯಿಕ್ ವೈರಸ್ ಹಚ್ಚಿದರು. ಕೆಲವು ದಿನ ಬಿಟ್ಟು ಮೇಲಿನ ಎಲೆಗಳಿಗೂ ಹಚ್ಚಿದರೆ, ಅಲ್ಲಿ ಎದ್ದ ಚುಕ್ಕೆಗಳು ಚಿಕ್ಕವಾಗಿಯೇ ಉಳಿದವು. ಕೆಳಗಿನ ಎಲೆ ಮೇಲಕ್ಕೆ ಸುದ್ದಿ ಕಳಿಸಿತ್ತು! 1979ರಲ್ಲಿ ಇಂಗ್ಲೆಂಡಿನ ವೈಟ್ ಎಂಬವರು ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿದಾಗಲೂ ಚುಕ್ಕೆ ಕಡಿಮೆಯಾಯಿತು. ಆಸ್ಪಿರಿನ್ ತಯಾರಾಗುವುದು ಸ್ಯಾಲಿಸಿಲಿಕ್ ಆಮ್ಲದಿಂದ. ರೋಗ ತಗುಲಿದ ಗಿಡ ಆ ಆಮ್ಲವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆಂದು 1990ರಲ್ಲಿ ತಿಳಿಯಿತು. ಅದರದೇ ಇನ್ನೊಂದು ರೂಪ ಗಾಳಿಯಲ್ಲೂ ತೇಲುತ್ತದೆ. ಅದರ ವಾಸನೆ ನಿಮಗೆಲ್ಲ ಗೊತ್ತು, ಸೊಂಟನೋವಿಗೆ ತಿಕ್ಕುವ ಮುಲಾಮಿನದು. (ಹಾಗೆಂದು ನಾಳೆ ಯಾರೂ ಅಡಿಕೆಮರಕ್ಕೆ ಮುಲಾಮು ತಿಕ್ಕಬೇಡಿ.)

ಈ ಕಾವಲಿಗೆ ಖರ್ಚಿದೆ. ಬೆಳೆಯುವುದಕ್ಕೆ ಬೇಕಾದ ಶಕ್ತಿಯನ್ನೇ ಗಿಡ ಇದಕ್ಕೆ ಸುರಿಯಬೇಕು. ಆದ್ದರಿಂದ ನಮಗೆ ಬೇಕೆಂದಾಗ ಹೊರಗಿನಿಂದ ಅದನ್ನು ಎಬ್ಬಿಸುವುದು ಸುಲಭವಲ್ಲ. ಕೊಳೆರೋಗಕ್ಕೆ ಇಂದಿಗೂ ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವೇ ಮುಖ್ಯ ದಾರಿ. "ಇಷ್ಟು ಓದಿ ಕೊನೆಗೆ ನೀನೂ ಬೋರ್ಡೋನೇ ಹೊಡಿ ಅಂತೀಯಲ್ಲೋ" ಎಂದು ಅಪ್ಪ ಈಗಲೂ ಅಣಕಿಸುತ್ತಾರೆ. ಈ ವರ್ಷವೂ ಮೇ ಕೊನೆಗೆ ರಜೆ ಹಾಕಿ ಬಂದು, ನಾನೇ ನಿಂತು ಔಷಧಿ ಹೊಡೆಸಿದೆ.