ನ್ಯಾಯಪೀಠಕ್ಕೆ ಅಧಿಕಾರಿಯನ್ನು ಆರಿಸುವ ಬಗೆ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಪೀಠವೊಂದು ಬರಿದಾದಾಗ ಅದಕ್ಕೆ ಯೋಗ್ಯನಾದ ಅಧಿಕಾರಿಯನ್ನು ಯಾರು ಆರಿಸಬೇಕೆಂಬ ಪ್ರಶ್ನೆಯು ಮಠದ ಭಕ್ತರಿಗೆ ಹೊಸತಲ್ಲ. ಹಿರಿಯ ಗುರುಗಳು ಶಿಷ್ಯನನ್ನು ಗುರುತಿಸುವರು, ಭಕ್ತಸಮೂಹವು ಒಪ್ಪುವುದು, ನೆರೆಯ ಮಠಗಳ ಪೂಜ್ಯರು ಸಾಕ್ಷಿಯಾಗಿ ನಿಲ್ಲುವರು, ಆ ಬಳಿಕ ಪಟ್ಟಾಧಿಕಾರವು ನೆರವೇರುವುದು. ಇವುಗಳಲ್ಲಿ ಒಂದು ತಪ್ಪಿದರೂ ಭಕ್ತರಲ್ಲಿ ಒಡಕುಂಟಾಗುವುದನ್ನು ಹಿರಿಯರು ಬಲ್ಲರು. ಇದೇ ಪ್ರಶ್ನೆಯು ರಾಷ್ಟ್ರದ ಅತ್ಯುನ್ನತ ನ್ಯಾಯಪೀಠದ ವಿಷಯದಲ್ಲಿಯೂ ಏಳುವುದು. ಅದನ್ನು ಭಾರತವು ಹೇಗೆ ಬಿಡಿಸಿತು, ಬಿಡಿಸದೆ ಉಳಿದ ಗಂಟು ಯಾವುದು ಎಂಬುದೇ ಇಂದಿನ ವಿಚಾರ.

ಈ ವಿಚಾರವು ಶರಣಸಂತತಿಗೆ ಏಕೆ ಬೇಕೆಂದರೆ, ಕಲ್ಯಾಣದ ವೃತ್ತಾಂತವನ್ನು ಸ್ಮರಿಸಬೇಕು. ಹರಳಯ್ಯ ಮಧುವರಸರ ಮಕ್ಕಳ ವಿವಾಹದ ನಿಮಿತ್ತ ಆ ಇಬ್ಬರು ಶರಣರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಸಂಪ್ರದಾಯವು ಹೇಳುತ್ತದೆ. ಅಲ್ಲಿ ದೂರನ್ನು ಕೇಳಿದವನೂ ಬಿಜ್ಜಳನೆ, ತೀರ್ಪು ಕೊಟ್ಟವನೂ ಬಿಜ್ಜಳನೆ, ದಂಡವನ್ನು ನಡೆಸಿದವನೂ ಬಿಜ್ಜಳನೆ. ಅರಸನಿಗೆ ಅಂಜದೆ, ಅರಸನಿಂದ ಬೇರೆಯಾಗಿ ನಿಂತು ಕೇಳುವ ನ್ಯಾಯಾಸನವೊಂದು ಆ ಶರಣರಿಗೆ ಇರಲಿಲ್ಲ. ಅಂಥ ಆಸನವನ್ನು ಕಟ್ಟುವುದೇ ಸ್ವತಂತ್ರ ಭಾರತದ ಸಂವಿಧಾನಕರ್ತರ ಉದ್ದೇಶಗಳಲ್ಲಿ ಒಂದಾಗಿತ್ತು.

ಅವರ ಮುಂದೆ ಎರಡು ಮಾರ್ಗಗಳಿದ್ದವು. ಇಂಗ್ಲೆಂಡಿನಲ್ಲಿ ನ್ಯಾಯಾಧೀಶರನ್ನು ಅರಸನ ಹೆಸರಿನಲ್ಲಿ ಸರಕಾರವೇ ನೇಮಿಸುತ್ತಿತ್ತು. ಅಮೆರಿಕೆಯಲ್ಲಿ 1787ನೆಯ ಇಸವಿಯ ಸಂವಿಧಾನದ ಪ್ರಕಾರ ಅಧ್ಯಕ್ಷನು ಹೆಸರನ್ನು ಸೂಚಿಸುವನು. ಸೆನೆಟ್ ಸಭೆಯು ಸಮ್ಮತಿಸಿದರೆ ಮಾತ್ರ ನೇಮಕವು ಊರ್ಜಿತವಾಗುವುದು. 1949ನೆಯ ಇಸವಿ ಮೇ 24ರಂದು ಸಂವಿಧಾನ ಸಭೆಯಲ್ಲಿ ಡಾ|| ಅಂಬೇಡಕರರು ಈ ಎರಡನ್ನೂ ತೂಗಿ ನೋಡಿದರು. ಸರಕಾರಕ್ಕೆ ನಿರಂಕುಶವಾಗಿ ಬಿಡುವುದು ಅಪಾಯಕರ. ಶಾಸನಸಭೆಯ ಸಮ್ಮತಿಗೆ ಒಳಪಡಿಸಿದರೆ ರಾಜಕೀಯವು ನುಸುಳುವುದು. ಮುಖ್ಯ ನ್ಯಾಯಾಧೀಶನ ಒಪ್ಪಿಗೆಯೇ ಕಡ್ಡಾಯವೆಂದರೆ, ಆತನೂ ರಾಗದ್ವೇಷಗಳುಳ್ಳ ಮನುಷ್ಯನೇ ಅಲ್ಲವೆ ಎಂಬುದು ಅವರ ಅಭಿಪ್ರಾಯದ ಸಾರ. ಆದಕಾರಣ ಮಧ್ಯಮ ಮಾರ್ಗವು ಅಂಗೀಕೃತವಾಯಿತು. 124ನೆಯ ಅನುಚ್ಛೇದದ ಮೇರೆಗೆ ರಾಷ್ಟ್ರಪತಿಗಳು ನ್ಯಾಯಾಧೀಶರೊಡನೆ ಸಮಾಲೋಚಿಸಿ, ತಮ್ಮ ಹಸ್ತಾಕ್ಷರ ಮುದ್ರೆಗಳ ಆಜ್ಞಾಪತ್ರದಿಂದ ನೇಮಿಸಬೇಕು. ಮುಖ್ಯ ನ್ಯಾಯಾಧೀಶರ ಹೊರತು ಉಳಿದವರ ನೇಮಕದಲ್ಲಿ ಮುಖ್ಯ ನ್ಯಾಯಾಧೀಶರ ಸಲಹೆಯನ್ನು ಕೇಳಲೇಬೇಕು. ಹೀಗೆ ನೇಮಕವಾದವರು 65 ವರ್ಷ ವಯಸ್ಸಿನವರೆಗೆ ಪೀಠದಲ್ಲಿರುವರು. ಪಾರ್ಲಿಮೆಂಟಿನ ಎರಡೂ ಸಭೆಗಳು ವಿಶೇಷ ಬಹುಮತದಿಂದ ಕೋರಿದ ಹೊರತು ಅವರನ್ನು ತೆಗೆಯಲು ಬಾರದು.

1950ನೆಯ ಇಸವಿಯಲ್ಲಿ ನ್ಯಾಯಾಲಯವು ಆರಂಭವಾಯಿತು. ಜ್ಯೇಷ್ಠತೆಯಲ್ಲಿ ಮುಂದಿದ್ದವರೇ ಮುಖ್ಯ ನ್ಯಾಯಾಧೀಶರಾಗುವ ಪದ್ಧತಿಯು ನೆಲೆಗೊಂಡಿತು. ಆ ಪದ್ಧತಿಯನ್ನು ಮುರಿದ ಪ್ರಸಂಗದಲ್ಲಿ ಒಬ್ಬ ಮಠಾಧಿಪತಿಗಳ ಹೆಸರು ಕೂಡಿಕೊಂಡಿರುವುದು ವಿಶೇಷ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಕಾಯಿದೆಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿದ್ದರು. 1973ನೆಯ ಇಸವಿ ಏಪ್ರಿಲ್ 24ರಂದು 13 ಮಂದಿ ನ್ಯಾಯಾಧೀಶರ ಪೀಠವು, ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರವು ಪಾರ್ಲಿಮೆಂಟಿಗೂ ಇಲ್ಲವೆಂದು 7 ಮಂದಿಯ ಬಹುಮತದಿಂದ ತೀರ್ಪಿತ್ತಿತು. ಅದರ ಬೆನ್ನಲ್ಲಿಯೇ ಸರಕಾರವು, ಭಿನ್ನಮತವನ್ನಿತ್ತ ಶ್ರೀ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿತು. ಅವರಿಗಿಂತ ಹಿರಿಯರಾದ ಶ್ರೀ ಶೇಲತ್, ಕನ್ನಡನಾಡಿನ ಶ್ರೀ ಕೆ. ಎಸ್. ಹೆಗ್ಡೆ, ಶ್ರೀ ಗ್ರೋವರ್ ಇವರು ಮೂವರೂ ಬಹುಮತದ ಪಕ್ಷದವರು; ಮೂವರೂ ರಾಜೀನಾಮೆಯಿತ್ತು ಹೊರಬಂದರು.

ಇದಕ್ಕಿಂತ ಕಠಿನವಾದ ಪರೀಕ್ಷೆಯು ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಂದೊದಗಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟವರು ನ್ಯಾಯಾಲಯದ ಬಾಗಿಲನ್ನು ತಟ್ಟಬಹುದೆ ಎಂಬ ಪ್ರಶ್ನೆಗೆ 1976ನೆಯ ಇಸವಿ ಏಪ್ರಿಲ್ 28ರಂದು ನಾಲ್ವರು ನ್ಯಾಯಾಧೀಶರು ಆಗದೆಂದರು. ಶ್ರೀ ಎಚ್. ಆರ್. ಖನ್ನಾ ಒಬ್ಬರೇ ಬೇರೆಯ ಮಾತನ್ನಾಡಿದರು. 1977ನೆಯ ಇಸವಿಯಲ್ಲಿ ಜ್ಯೇಷ್ಠತೆಯಿಂದ ಅವರಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಾಧೀಶ ಪದವಿಯು ಶ್ರೀ ಎಂ. ಎಚ್. ಬೇಗ್ ಅವರಿಗೆ ಹೋಯಿತು. ಖನ್ನಾ ಅವರು ಪೀಠವನ್ನು ಬಿಟ್ಟರು, ಮಾತನ್ನು ಬಿಡಲಿಲ್ಲ. ನೇಮಿಸುವ ಕೈಯೇ ನ್ಯಾಯಾಧೀಶನ ಮುಂದಿನ ಪದವಿಯನ್ನೂ ಹಿಡಿದಿದ್ದರೆ ಸತ್ಯಕ್ಕೆ ತೆರಬೇಕಾದ ಬೆಲೆಯೆಷ್ಟೆಂಬುದು ಅಂದು ನಾಡಿಗೆ ತಿಳಿಯಿತು.

ಈ ಅನುಭವದ ಫಲವಾಗಿ ನೇಮಕದ ಅಧಿಕಾರವು ಕ್ರಮೇಣ ನ್ಯಾಯಾಧೀಶರ ಕಡೆಗೆ ವಾಲಿತು. 1981ನೆಯ ಇಸವಿಯಲ್ಲಿ ಸಮಾಲೋಚನೆಯೆಂದರೆ ಸಮ್ಮತಿಯಲ್ಲವೆಂದು ನ್ಯಾಯಾಲಯವೇ ಹೇಳಿತ್ತು. 1993ನೆಯ ಇಸವಿಯಲ್ಲಿ ಒಂಬತ್ತು ಮಂದಿಯ ಪೀಠವು ಆ ಮಾತನ್ನು ತಿರುಗಿಸಿ, ಮುಖ್ಯ ನ್ಯಾಯಾಧೀಶರೂ ಇಬ್ಬರು ಹಿರಿಯರೂ ಕೂಡಿ ಹೇಳಿದ ಅಭಿಪ್ರಾಯಕ್ಕೆ ಪ್ರಾಧಾನ್ಯವೆಂದಿತು. 1998ನೆಯ ಇಸವಿಯಲ್ಲಿ ಹಿರಿಯರ ಸಂಖ್ಯೆಯು ನಾಲ್ಕಕ್ಕೆ ಏರಿತು. ಇದೇ ಕೊಲಿಜಿಯಂ ಎಂಬ ಮಂಡಲಿ. ಇದು ಕಳುಹಿದ ಹೆಸರನ್ನು ಸರಕಾರವು ಪುನರ್ವಿಚಾರಕ್ಕೆ ಹಿಂದಿರುಗಿಸಬಹುದು. ಮಂಡಲಿಯು ಒಮ್ಮತದಿಂದ ಮತ್ತೆ ಹೇಳಿದರೆ ನೇಮಿಸತಕ್ಕದ್ದು. 2014ನೆಯ ಇಸವಿಯಲ್ಲಿ ಪಾರ್ಲಿಮೆಂಟು ಇದರ ಬದಲಿಗೆ ಆರು ಮಂದಿಯ ಆಯೋಗವನ್ನು ರಚಿಸಿತು: ಮೂವರು ನ್ಯಾಯಾಧೀಶರು, ಕಾನೂನು ಮಂತ್ರಿಗಳು, ಇಬ್ಬರು ಗಣ್ಯರು. ಯಾರಾದರೂ ಇಬ್ಬರು ಬೇಡವೆಂದರೆ ಹೆಸರು ಬೀಳುತ್ತಿತ್ತು. 2015ನೆಯ ಇಸವಿ ಅಕ್ಟೋಬರ್ 16ರಂದು ನ್ಯಾಯಾಲಯವು ನಾಲ್ವರ ಬಹುಮತದಿಂದ ಅದನ್ನು ರದ್ದುಗೊಳಿಸಿತು. ಶ್ರೀ ಚೆಲಮೇಶ್ವರ್ ಅವರೊಬ್ಬರು ಭಿನ್ನಮತವನ್ನಿತ್ತು, ಮಂಡಲಿಯ ಕಾರ್ಯವು ಮರೆಯಲ್ಲಿ ನಡೆಯುವುದನ್ನು ಆಕ್ಷೇಪಿಸಿದರು.

ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ನ್ಯಾಯಾಧೀಶರನ್ನು ನ್ಯಾಯಾಧೀಶರೇ ಆರಿಸಿದರೆ ಅವರನ್ನು ಕೇಳುವವರು ಯಾರು? ಹಾಗೆಂದು ಅಮೆರಿಕೆಯ ಬಹಿರಂಗ ಪದ್ಧತಿಯೂ ನಿರ್ದೋಷವಲ್ಲ. 1987ನೆಯ ಇಸವಿಯಲ್ಲಿ ರಾಬರ್ಟ್ ಬೋರ್ಕ್ ಎಂಬವರ ಹೆಸರನ್ನು ಸೆನೆಟ್ ಸಭೆಯು 58ಕ್ಕೆ 42 ಮತಗಳಿಂದ ತಿರಸ್ಕರಿಸಿತು. 2016ನೆಯ ಇಸವಿಯಲ್ಲಿ ಅಧ್ಯಕ್ಷರು ಸೂಚಿಸಿದ ಮೆರಿಕ್ ಗಾರ್ಲೆಂಡ್ ಎಂಬವರನ್ನು, ಚುನಾವಣೆಯ ವರ್ಷವೆಂಬ ನೆಪದಿಂದ, ವಿಚಾರಣೆಗೂ ಕರೆಯಲಿಲ್ಲ. ಅದೇ ಸಭೆಯು 2020ನೆಯ ಇಸವಿಯಲ್ಲಿ ಚುನಾವಣೆಗೆ ಎಂಟು ದಿನಗಳಿರುವಾಗ ಏಮಿ ಕೋನಿ ಬ್ಯಾರೆಟ್ ಎಂಬವರನ್ನು 52ಕ್ಕೆ 48 ಮತಗಳಿಂದ ಸ್ಥಿರಪಡಿಸಿತು. ಅಲ್ಲಿ ಎಲ್ಲವೂ ಬೆಳಕಿನಲ್ಲಿ ನಡೆಯಿತು. ಆದರೆ ಪಕ್ಷವು ತಕ್ಕಡಿಯನ್ನು ಹಿಡಿಯಿತು.

ಸಂವಿಧಾನ ಸಭೆಯಲ್ಲಿ ನುಡಿದ ಮೂರು ಭಯಗಳೂ ಹೀಗೆ ಸತ್ಯವಾದವು: ಸರಕಾರದ ಭಯವು 1973ರಲ್ಲಿ, ಪಕ್ಷದ ಭಯವು ಅಮೆರಿಕೆಯಲ್ಲಿ, ಮರೆಯ ಭಯವು ಮಂಡಲಿಯಲ್ಲಿ. ಮಠದ ಸಂಪ್ರದಾಯವು ಇಲ್ಲಿ ಒಂದು ಮಾತನ್ನು ತಿಳಿಸಬಲ್ಲುದು. ಗುರುವಾಗತಕ್ಕವನನ್ನು ಆರಿಸುವಾಗ ಭಕ್ತರು ಎಷ್ಟು ಬೇಕಾದರೂ ಪರೀಕ್ಷಿಸಲಿ. ಎಲ್ಲರ ಕಣ್ಣೆದುರಿಗೆ ಪರೀಕ್ಷಿಸಲಿ. ಪಟ್ಟವಾದ ಮೇಲೆ ಆತನು ತನ್ನನ್ನು ಕೂರಿಸಿದವರ ಋಣದಲ್ಲಿರಲಾಗದು. ಕೂರಿಸಿದವರೂ ಆ ಋಣವನ್ನು ಕೇಳಲಾಗದು. ಆರಿಸುವಾಗ ಬೆಳಕು, ಆರಿಸಿದ ಮೇಲೆ ನಿರ್ಭಯ, ಇವೆರಡೂ ಕೂಡಿದಲ್ಲಿ ನ್ಯಾಯಪೀಠವು ನಿಲ್ಲುವುದು. ಹರಳಯ್ಯ ಮಧುವರಸರಿಗೆ ದೊರೆಯದ ಆ ಆಸನವನ್ನು ಕಾಯುವ ಹೊಣೆಯು ಪ್ರಜೆಗಳೆಲ್ಲರದಾಗಿದೆ.