ಜೀತದಿಂದ ಜಾಬ್‌ಕಾರ್ಡಿನವರೆಗೆ



1975ರ ಅಕ್ಟೋಬರ್‌ 25ರಿಂದ ಜೀತ ಪದ್ಧತಿ ದೇಶದಲ್ಲೆಲ್ಲ ರದ್ದಾಯಿತು. ಮೊದಲು ಸುಗ್ರೀವಾಜ್ಞೆ, ಮರುವರ್ಷ ಸಂಸತ್ತಿನ ಕಾಯ್ದೆ. ಜೀತಕ್ಕಿದ್ದವರ ಸಾಲ ತೀರಿದಂತೆಯೇ ಲೆಕ್ಕ. ಮತ್ತೆ ಜೀತಕ್ಕಿಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು. ಆಗ ನಮ್ಮ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ ಎಲ್ಲವೂ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆ. ಕೆರೆ ತುಂಬಿದರೆ ಭತ್ತ, ಇಲ್ಲದಿದ್ದರೆ ಮಳೆ ನಂಬಿದ ರಾಗಿ, ಕಡಲೆಕಾಯಿ. ಮಳೆ ಕೈಕೊಟ್ಟ ವರ್ಷ ಮದುವೆಗೋ ಕಾಯಿಲೆಗೋ ಮಾಡಿದ ಸಾಲಕ್ಕೆ ಮನೆಯ ಹುಡುಗನನ್ನು ಜಮೀನುದಾರರ ದನ ಕಾಯಲು ಬಿಡುವುದು ಇಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ದೆಹಲಿಯಲ್ಲಿ ಕಾನೂನು ಆಯಿತು. ಊರಿನಲ್ಲಿ ಅದನ್ನು ಹೇಳುವವರು ಯಾರು? ಸಾಲ ಕೊಟ್ಟವರ ಹೊಲದಲ್ಲೇ ನಾಳೆಯೂ ಕೂಲಿ ಸಿಗಬೇಕಾದ ಮನುಷ್ಯ ತಹಶೀಲ್ದಾರರ ಮುಂದೆ ಒಬ್ಬನೇ ಹೋಗಿ ನಿಲ್ಲುವುದು ಸುಲಭವಲ್ಲ. ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಗಟ್ಟಿಯಾದ ಉತ್ತರವೊಂದು ಹುಟ್ಟಿದ್ದು ಬಾಗೇಪಲ್ಲಿಯಲ್ಲಿ. 1977ರಲ್ಲಿ ಅಲ್ಲಿ ಆರಂಭವಾದ ‘ಅಡಾಟ್ಸ್’ ಸಂಸ್ಥೆಯ ನೆರವಿನಿಂದ ಕೂಲಿ ಸಂಘಗಳು ಕಟ್ಟಿಕೊಂಡವು. ಬಾಗೇಪಲ್ಲಿಯಿಂದ ಗುಡಿಬಂಡೆ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಹಳ್ಳಿಗಳಿಗೂ ಹಬ್ಬಿದವು. ಊರೂರಿಗೆ ಒಂದು ಘಟಕ, ಬಿಡದೆ ಸೇರುವ ಸಭೆ, ಸದಸ್ಯರೇ ಕೂಡಿಟ್ಟ ನಿಧಿ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಸಣ್ಣ ಹಿಡುವಳಿದಾರರು, ಭೂಮಿಯಿಲ್ಲದವರು, ಗಂಡಸರ ಜೊತೆಗೆ ಹೆಂಗಸರು ಒಟ್ಟಾಗಿ ಕೂತು ಮಾತಾಡುವುದನ್ನು ಅಲ್ಲಿ ಕಲಿತರು. ಕಷ್ಟಕ್ಕೆ ಸಾಹುಕಾರರ ಬಾಗಿಲಿಗೆ ಹೋಗುವ ಬದಲು ಸಂಘದ ನಿಧಿಯಿಂದ ಸಾಲ ಪಡೆಯುವಂತಾದದ್ದು ಸಣ್ಣ ಮಾತಲ್ಲ. ಜೀತದ ಬೇರು ಇದ್ದದ್ದೇ ಆ ಕೈಸಾಲದಲ್ಲಿ.

ಇದೇ ಕಾಲಕ್ಕೆ ದೂರದಲ್ಲಿ ನಡೆದ ಎರಡು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಮೇಸ್ತ್ರಿಗಳು ಮುಂಗಡ ಕೊಟ್ಟು ಒಡಿಶಾದಿಂದ ದೂರದ ರಾಜ್ಯಗಳಿಗೆ ಸಾಗಿಸುತ್ತಿದ್ದ ಕೂಲಿಗಳ ಗೋಳು ಆ ಕಾಯ್ದೆಯ ಹಿಂದಿತ್ತು. ಆಮೇಲೆ 1982. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಮೇಲ್ಸೇತುವೆ, ಕ್ರೀಡಾಂಗಣ ಕಟ್ಟುತ್ತಿದ್ದ ವಲಸೆ ಕೂಲಿಗಳಿಗೆ ಕನಿಷ್ಠ ಕೂಲಿಯೂ ಕೈಸೇರುತ್ತಿರಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಕಾಗದ ಬರೆಯಿತು, ನ್ಯಾಯಮೂರ್ತಿ ಪಿ.ಎನ್. ಭಗವತಿ ಅದನ್ನೇ ಅರ್ಜಿಯಾಗಿ ಸ್ವೀಕರಿಸಿದರು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ತೀರ್ಪಾಯಿತು. ಹೊಟ್ಟೆಗಿಲ್ಲದವನು ಸಿಕ್ಕಿದಷ್ಟಕ್ಕೆ ಒಪ್ಪಿಕೊಂಡರೆ ಅದನ್ನು ಒಪ್ಪಿಗೆ ಎಂದು ಕರೆಯಲಾಗದು ಎಂಬುದು ಅದರ ತಿರುಳು. ಸ್ವತಂತ್ರ ಭಾರತದ ದುಡಿಯುವ ಜನರಿಗೆ ಸಿಕ್ಕ ಅತ್ಯಂತ ದೊಡ್ಡ ಮಾತು ಇದು ಎಂದೇ ನಾನು ನಂಬಿದ್ದೇನೆ.

2007ರ ಆಗಸ್ಟಿನಲ್ಲಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. 2008ರ ಏಪ್ರಿಲ್‌ 1ರಿಂದ ಹಳ್ಳಿಯ ಮನೆಗಳಿಗೆ ಕೂಲಿ ಕೆಲಸದ ಭರವಸೆ ಕೊಡುವ ಉದ್ಯೋಗ ಖಾತ್ರಿ ಯೋಜನೆ ಇಲ್ಲಿಗೂ ಬಂತು. ಜಾಬ್‌ಕಾರ್ಡ್ ಇದ್ದವರು ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು, ಕೊಡದಿದ್ದರೆ ನಿರುದ್ಯೋಗ ಭತ್ಯೆ. ವರ್ಷಕ್ಕೆ ಮನೆಯೊಂದಕ್ಕೆ ಆಗ 100 ದಿನ. ಕೆರೆ ಹೂಳು, ಕಾಲುವೆ, ಬದು, ಕೃಷಿ ಹೊಂಡ. ರೇಷ್ಮೆ ಸೀಮೆಯಲ್ಲಿ ಹಿಪ್ಪುನೇರಳೆ ತೋಟವೂ ಇದರಡಿ ಬಂತು. ಇವೆಲ್ಲದಕ್ಕಿಂತ ದೊಡ್ಡದು ಗಂಡಾಳು, ಹೆಣ್ಣಾಳು ಎಂಬ ಭೇದವಿಲ್ಲದೆ ಒಂದೇ ಕೂಲಿ. ಟೊಮೆಟೊ ತೋಟದಲ್ಲಿ, ರಾಗಿ ಹೊಲದಲ್ಲಿ ಹೆಣ್ಣಾಳಿಗೆ ಯಾವಾಗಲೂ ಕಡಿಮೆ ಕೂಲಿಯೇ ಇದ್ದ ಊರುಗಳಲ್ಲಿ ಇದು ಎಷ್ಟು ದೊಡ್ಡ ಬದಲಾವಣೆ ಎಂಬುದು ಕೂಲಿ ಮಾಡಿದ ಹೆಣ್ಣುಮಕ್ಕಳಿಗೆ ಗೊತ್ತು.

ಆದರೆ ಒಂದು ವರ್ಷ ತುಂಬುವ ಮೊದಲೇ ನಿಯಮ ಬದಲಾಯಿತು. 2009ರ ಜನವರಿ 1ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಖಾತ್ರಿಯ ಕೂಲಿಯನ್ನು ರಾಜ್ಯಗಳ ಕನಿಷ್ಠ ಕೂಲಿಯಿಂದ ಬೇರ್ಪಡಿಸಿತು. ಆಮೇಲೆ 100 ರೂಪಾಯಿ ಎಂದು ನಿಂತಿತು. ರಾಜ್ಯದ ಕನಿಷ್ಠ ಕೂಲಿ ಮೇಲೇರಿದರೂ ಖಾತ್ರಿಯ ಕೂಲಿ ಏರಲಿಲ್ಲ. ಕನಿಷ್ಠ ಕೂಲಿಯನ್ನು ಕಾಯಬೇಕಾದ ಸರ್ಕಾರವೇ ಅದಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡಂತಾಯಿತು. 2011ರಲ್ಲಿ ಬೆಲೆ ಸೂಚ್ಯಂಕಕ್ಕೆ ಜೋಡಿಸಿ ಕರ್ನಾಟಕಕ್ಕೆ 125 ರೂಪಾಯಿ ಮಾಡಿದರೂ ತತ್ವದ ಪ್ರಶ್ನೆ ಉಳಿದೇ ಇತ್ತು. ಕರ್ನಾಟಕ ಪ್ರಾಂತ ರೈತ ಸಂಘ ಹೈಕೋರ್ಟಿನ ಮೆಟ್ಟಿಲೇರಿತು. 2011ರ ಸೆಪ್ಟೆಂಬರಿನಲ್ಲಿ ಹೈಕೋರ್ಟು, ಖಾತ್ರಿಯಲ್ಲಿ ದುಡಿದವರಿಗೂ ಕನಿಷ್ಠ ಕೂಲಿ ಕೊಡಲೇಬೇಕು ಎಂದಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಜನವರಿಯಲ್ಲಿ ಆ ಕೋರ್ಟು ತಡೆಯಾಜ್ಞೆ ಕೊಡಲು ನಿರಾಕರಿಸಿತು. ದೆಹಲಿಯ ಮೇಲ್ಸೇತುವೆಯ ಕೂಲಿಗಳಿಗೆ 1982ರಲ್ಲಿ ಸಿಕ್ಕ ನ್ಯಾಯ ಹೀಗೆ ಕೆರೆ ಹೂಳೆತ್ತುವ ನಮ್ಮ ಹೆಣ್ಣುಮಕ್ಕಳ ಬೆಂಬಲಕ್ಕೂ ನಿಂತಿತು.

ಅದೇ 2011ರಲ್ಲಿ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾ ರೇಷ್ಮೆ ಅಗ್ಗವಾಗಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು. ಬೆಳೆಗಾರರು ಬೀದಿಗಿಳಿದರು, ಎರಡು ವರ್ಷದ ಮೇಲೆ ಸುಂಕ ಶೇ 15ಕ್ಕೆ ಏರಿತು. ಬೆಳೆಗಾರರ ದನಿಯಾದರೂ ಕೇಳಿಸಿತು. ಕುದಿನೀರಿನಲ್ಲಿ ಕೈಯಾಡಿಸಿ ನೂಲು ತೆಗೆಯುವವರ ದನಿ ಅಷ್ಟು ಕೇಳಿಸುವುದಿಲ್ಲ. ಮುಪ್ಪಿಗೆ ಆಸರೆಯಾಗುವ ಭವಿಷ್ಯ ನಿಧಿ, ಅಂದರೆ ಪಿ.ಎಫ್., ಕಡ್ಡಾಯವಾಗುವುದು 20 ಜನರಿಗಿಂತ ಕಡಿಮೆಯಿಲ್ಲದ ಕಡೆ. ನಾಲ್ಕಾರು ಆಳುಗಳ ನೂಲು ತೆಗೆಯುವ ಮನೆಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಭವಿಷ್ಯ ನಿಧಿಯ ಮಾತು ಬಂತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಹಳ್ಳಿ ಬಿಟ್ಟು ಬೆಂಗಳೂರಿನ ಬಾಡಿಗೆ ಕೋಣೆ ಸೇರಿದವರು, ದಿನವೂ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಬರುವವರು, ಎಲ್ಲರಿಗೂ ಆ ಪಿ.ಎಫ್. ಹಣವೇ ಕೂಡಿಟ್ಟ ಗಂಟು. ಸಂಬಳದಲ್ಲಿ ಉಳಿಯುವುದೇನೂ ಇಲ್ಲ. ಆದ್ದರಿಂದ ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಪಿ.ಎಫ್. ಬಿಡಿಸಿಕೊಂಡು ಮಗಳ ಫೀಸು ಕಟ್ಟುತ್ತಾರೆ, ಅಡವಿಟ್ಟ ಒಡವೆ ಬಿಡಿಸುತ್ತಾರೆ, ಆಮೇಲೆ ಮತ್ತೊಂದು ಫ್ಯಾಕ್ಟರಿ ಸೇರುತ್ತಾರೆ. 2016ರ ಫೆಬ್ರುವರಿ 10ರಂದು ಕೇಂದ್ರ ಹೊರಡಿಸಿದ ಅಧಿಸೂಚನೆ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂದಿತು. ಮುಪ್ಪಿಗೆ ಉಳಿತಾಯ ಇರಲಿ ಎಂಬ ಯೋಚನೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೊಲಿಗೆ ಯಂತ್ರದ ಮುಂದೆ 58 ತುಂಬುವವರೆಗೆ ಕೂರುವ ಹೆಣ್ಣು ಎಲ್ಲಿದ್ದಾಳೆ? ನಲವತ್ತಕ್ಕೇ ಬೆನ್ನು, ಕಣ್ಣು ಸೋಲುವ ಕೆಲಸ ಅದು.

ಏಪ್ರಿಲ್‌ 18ರಂದು ಬೊಮ್ಮನಹಳ್ಳಿ ಕಡೆಯ ಹೆಣ್ಣುಮಕ್ಕಳು ಫ್ಯಾಕ್ಟರಿ ಬಿಟ್ಟು ಹೊಸೂರು ರಸ್ತೆಗೆ ಬಂದರು. ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಮರುದಿನ ತುಮಕೂರು ರಸ್ತೆ, ಜಾಲಹಳ್ಳಿ, ಹೆಬ್ಬಗೋಡಿ ಎಲ್ಲ ಕಡೆ ಸಾವಿರಾರು ಜನ. ಬಸ್ಸುಗಳಿಗೆ ಬೆಂಕಿ ಬಿದ್ದದ್ದು, ಲಾಠಿ, ಅಶ್ರುವಾಯು ಆದದ್ದು ನೋವಿನ ಸಂಗತಿ. 19ರ ಸಂಜೆಗೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ಹಿಂತೆಗೆದುಕೊಂಡದ್ದನ್ನು ಪ್ರಕಟಿಸಿದರು. ದೇಶದ ಕೋಟ್ಯಂತರ ನೌಕರರ ಹಣವನ್ನು ಎರಡು ದಿನದಲ್ಲಿ ಉಳಿಸಿಕೊಟ್ಟವರು ನಮ್ಮ ಹಳ್ಳಿಗಳಿಂದ ಹೋದ ಇಂಥ ಹೆಣ್ಣುಮಕ್ಕಳು. ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ.

2020ರ ಲಾಕ್‌ಡೌನ್‌ ನಿಮಗೆಲ್ಲ ನೆನಪಿದೆ. ಬೆಂಗಳೂರಿನಿಂದ ಉತ್ತರದ ಊರುಗಳಿಗೆ ಮರಳುವ ವಲಸೆ ಕಾರ್ಮಿಕರ ದಾರಿಯಾದ ರಾಷ್ಟ್ರೀಯ ಹೆದ್ದಾರಿ 44 ನಮ್ಮ ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳ ಮೇಲೇ ಹಾದುಹೋಗುತ್ತದೆ. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸಲು ಹೊರಟು, ಎಲ್ಲ ಕಡೆಯಿಂದ ವಿರೋಧ ಬಂದಮೇಲೆ ಮತ್ತೆ ಓಡಿಸಲು ಒಪ್ಪಿತು. ಕೆಲಸ ಕಳೆದುಕೊಂಡು ಊರಿಗೆ ಮರಳಿದವರಿಗೆ ಆಸರೆಯಾದದ್ದು ಅದೇ ಉದ್ಯೋಗ ಖಾತ್ರಿ; ಆ ವರ್ಷ ಕೇಂದ್ರ ಅದಕ್ಕೆ 40,000 ಕೋಟಿ ರೂಪಾಯಿ ಹೆಚ್ಚುವರಿಯಾಗಿ ಕೊಟ್ಟಿತು.

ಈಗ ಮತ್ತೆ ನಿಯಮಗಳು ಬದಲಾಗಿವೆ. 2025ರ ನವೆಂಬರ್‌ 21ರಿಂದ 29 ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಬಂದವು. 1979ರ ವಲಸೆ ಕಾಯ್ದೆಯೂ ಅದರೊಳಗೆ ಸೇರಿತು. ಮೇಸ್ತ್ರಿಯಿಲ್ಲದೆ ತಾನಾಗಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಒಪ್ಪಿರುವುದು ಒಳ್ಳೆಯ ಬದಲಾವಣೆ. ಆದರೆ ಮೊದಲು ಐವರಿದ್ದರೆ ಅನ್ವಯಿಸುತ್ತಿದ್ದ ರಕ್ಷಣೆ ಈಗ ಹತ್ತು ಜನ ಇದ್ದರೆ ಮಾತ್ರ. ನಮ್ಮ ಗಡಿ ಸೀಮೆಯಲ್ಲಿ ಇದರ ಪರಿಣಾಮ ನೋಡಿ: ಆಂಧ್ರದ ಹಿಂದೂಪುರ ಕಡೆಯಿಂದ ಗೌರಿಬಿದನೂರಿಗೆ ದುಡಿಯಲು ಬಂದವರು ಕಾನೂನಿನ ಕಣ್ಣಿನಲ್ಲಿ ವಲಸೆಯವರು, ಚಿಂತಾಮಣಿ ಬಿಟ್ಟು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಸಂಸಾರ ಹೂಡಿದ ಕುಟುಂಬ ವಲಸೆಯದಲ್ಲ, ಏಕೆಂದರೆ ಅವರು ರಾಜ್ಯದ ಗಡಿ ದಾಟಿಲ್ಲ. ಇದು ಸರಿಯಾಗಬೇಕು.

ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಜಾಗಕ್ಕೂ ಹೊಸ ಕಾಯ್ದೆ ತಂದಿತು. ಕಾಗದದ ಮೇಲೆ ದಿನಗಳು 100ರಿಂದ 125ಕ್ಕೆ ಏರಿವೆ. ಆದರೆ ಕೇಂದ್ರವೇ ಪೂರ್ತಿ ಕೊಡುತ್ತಿದ್ದ ಕೂಲಿಯಲ್ಲಿ ಈಗ ಶೇ 40 ರಾಜ್ಯದ ಹೊರೆ. ಬಿತ್ತನೆ, ಸುಗ್ಗಿಯ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಬಹುದು. ಮಳೆಯೇ ಬಾರದ ವರ್ಷ ನಮ್ಮ ಸೀಮೆಯಲ್ಲಿ ಬಿತ್ತನೆ ಎಲ್ಲಿ, ಸುಗ್ಗಿ ಎಲ್ಲಿ? ಆಗ ಆ 60 ದಿನ ಕೂಲಿಯ ಮನೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎತ್ತಬೇಕಾದವರು ನೀವೇ.

ಕೆಲಸ ಬೇಕಾದರೆ ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಅರ್ಜಿ ಬರೆದು ಕೊಡಿ, ತಾರೀಖು ಹಾಕಿದ ರಸೀತಿ ಕೇಳಿ ಪಡೆಯಿರಿ, ಒಬ್ಬರೇ ಹೋಗದೆ ಹತ್ತು ಮನೆಯವರು ಒಟ್ಟಿಗೆ ಹೋಗಿ. ಗಾರ್ಮೆಂಟ್ಸಿಗೆ ಹೋಗುವ ಅಕ್ಕತಂಗಿಯರು ಸಂಬಳದ ಚೀಟಿ, ಪಿ.ಎಫ್. ನಂಬರು ಬರೆದಿಟ್ಟುಕೊಳ್ಳಿ. ನಿಮ್ಮೂರಿಗೆ ದುಡಿಯಲು ಬಂದ ಹೊರಗಿನವರನ್ನೂ ನಿಮ್ಮ ಸಂಘಕ್ಕೆ ಸೇರಿಸಿಕೊಳ್ಳಿ.