ಜನಸಮೂಹ ಮತ್ತು ಸಂಸ್ಕೃತಿ

(ಶತಮಾನೋತ್ಸವ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಕಾಲ ಕೆಟ್ಟಿತು, ಸಂಸ್ಕೃತಿ ಹಾಳಾಯಿತು ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತಿದೆ. ಹಿಂದೆ ಸಿನಿಮಾದ ಮೇಲಿದ್ದ ದೂರು ಈಗ ಮೊಬೈಲಿನ ಮೇಲೆ ಬಂದಿದೆ. ಈ ಭಯವನ್ನು ತತ್ತ್ವಜ್ಞಾನಿಗಳೂ ವಿಚಾರಮಾಡಿದ್ದಾರೆ.

ಸ್ಪೇನಿನ ಒರ್ತೇಗಾ ಅವರು 1930ರಲ್ಲಿ ಹೊರಬಂದ ಗ್ರಂಥದಲ್ಲಿ, ತನ್ನಿಂದ ತಾನೇ ಏನನ್ನೂ ಬಯಸದೆ ಇದ್ದಂತೆಯೇ ತೃಪ್ತನಾಗಿರುವ ‘ಸಮೂಹ ಮಾನವ’ನು ಎಲ್ಲೆಡೆಯೂ ಮೇಲುಗೈ ಪಡೆಯುತ್ತಿದ್ದಾನೆಂದು ಎಚ್ಚರಿಸಿದರು. ಹಿಟ್ಲರನ ಜರ್ಮನಿಯನ್ನು ತೊರೆದು ಅಮೆರಿಕ ಸೇರಿದ ಹೋರ್ಕ್‌ಹೈಮರ್ ಮತ್ತು ಅಡೋರ್ನೊ ಅವರಾದರೋ, ಹಾಡನ್ನೂ ಚಿತ್ರವನ್ನೂ ಕಾರ್ಖಾನೆಯ ಸರಕಿನಂತೆ ಒಂದೇ ಅಚ್ಚಿನಲ್ಲಿ ತಯಾರಿಸಿ ಮಾರುವ ‘ಸಂಸ್ಕೃತಿ ಉದ್ಯಮ’ದ ಮೇಲೆಯೇ ದೋಷ ಹೊರಿಸಿದರು.

ಇಬ್ಬಗೆಯ ಮಾತಿನಲ್ಲೂ ಸತ್ಯವಿದೆ. ಆದರೆ ಸಮೂಹ ಎಂದರೆ ಓದುಬರಹ ಅರಿಯದ ಬಡಜನರು ಮಾತ್ರವೇ? ಸಂತ ಅಗಸ್ಟೀನರು ತಮ್ಮ ಆತ್ಮಕಥೆಯಲ್ಲಿ ಗೆಳೆಯ ಅಲಿಪಿಯುಸನ ಸಂಗತಿಯನ್ನು ಹೇಳಿದ್ದಾರೆ. ರೋಮಿನಲ್ಲಿ ಕಾನೂನು ಕಲಿಯುತ್ತಿದ್ದ ಈತನನ್ನು ಗೆಳೆಯರು ಕತ್ತಿಮಲ್ಲರ ಕಾಳಗಕ್ಕೆ ಬಲವಂತದಿಂದ ಎಳೆದೊಯ್ದರು. ನೋಡಲಾರೆನೆಂದು ಆತ ಕಣ್ಣು ಮುಚ್ಚಿ ಕುಳಿತ, ಕಿವಿ ಮುಚ್ಚಿರಲಿಲ್ಲ. ಗುಂಪಿನ ಆರ್ಭಟಕ್ಕೆ ಕಣ್ಣು ತೆರೆದವನು ತಾನೂ ಕೂಗತೊಡಗಿದ, ಗುಂಪಿನಲ್ಲಿ ಒಬ್ಬನಾದ. ಮುಂದೆ ಅದೇ ಅಲಿಪಿಯುಸ್ ಕ್ರೈಸ್ತನಾಗಿ, ಧರ್ಮಾಧ್ಯಕ್ಷನಾದ. ವಿದ್ಯಾವಂತನೂ ಗುಂಪಿನಲ್ಲಿ ಕಳೆದುಹೋಗಬಲ್ಲ, ಕಳೆದುಹೋದವನೂ ಹಿಂದಿರುಗಬಲ್ಲ. ಪ್ರಭು ಯೇಸು ಜನಸಮೂಹವನ್ನು ಕಂಡು ಕನಿಕರಪಟ್ಟರೇ ಹೊರತು ತಿರಸ್ಕರಿಸಲಿಲ್ಲ. ಅದೇ ಗುಂಪಿನ ನಡುವೆ ಜಕ್ಕಾಯನನ್ನು ಹೆಸರು ಹಿಡಿದು ಕರೆದರು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು, ಒಂದೇ ದಿನ, ಎರಡು ಶಾಸನಗಳನ್ನು ಹೊರಡಿಸಿತು. ಒಂದು ಸಮೂಹ ಮಾಧ್ಯಮಗಳನ್ನು ಕುರಿತದ್ದು. ಅದು ಪತ್ರಿಕೆ, ಚಲನಚಿತ್ರ, ರೇಡಿಯೋಗಳನ್ನು ಶಪಿಸದೆ, ವಿವೇಕದಿಂದ ಆಯ್ದುಕೊಳ್ಳುವ ಹೊಣೆಯನ್ನು ಓದುಗರಿಗೂ ಪ್ರೇಕ್ಷಕರಿಗೂ ವಹಿಸಿತು. ಮತ್ತೊಂದು ದೈವಾರಾಧನೆಯನ್ನು ಕುರಿತದ್ದು. ವಿಶ್ವಾಸಿಗಳು ಬಲಿಪೂಜೆಯಲ್ಲಿ ಮೂಕ ಪ್ರೇಕ್ಷಕರಾಗಿರದೆ ಪಾಲುಗಾರರಾಗಬೇಕೆಂದು ಅದು ಬೋಧಿಸಿತು. ಇವೆರಡನ್ನೂ ಒಟ್ಟಿಗೆ ಓದಿದರೆ ನಿಜವಾದ ಅಪಾಯ ತಿಳಿಯುತ್ತದೆ. ಯಂತ್ರವಾಗಲಿ ಜನಪ್ರಿಯತೆಯಾಗಲಿ ಅಲ್ಲ, ಬರಿಯ ನೋಡುಗರಾಗಿ ಉಳಿಯುವುದೇ ಅವನತಿ.

ಈ ಅವನತಿ ದೇವಾಲಯದೊಳಗೂ ಕಾಲಿಡಬಲ್ಲದು. ಗಾನವೃಂದ ಧ್ವನಿವರ್ಧಕದಲ್ಲಿ ಹಾಡುವಾಗ ಉಳಿದವರು ಸುಮ್ಮನೆ ನಿಂತರೆ, ಕೆಲವರು ಅದನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತಿದ್ದರೆ, ಆರಾಧನೆಯೂ ಒಂದು ಪ್ರದರ್ಶನವಾಗಿಬಿಡುತ್ತದೆ. ಪೂರ್ವಿಕರು ನಮಗೆ ಬಿಟ್ಟುಹೋದದ್ದು ಕಟ್ಟಡವನ್ನು ಮಾತ್ರವಲ್ಲ, ಕೂಡಿ ಪ್ರಾರ್ಥಿಸುವ ಅಭ್ಯಾಸವನ್ನೂ. ಕಟ್ಟಡಕ್ಕೆ ಹಣವಿದ್ದರೆ ದುರಸ್ತಿ ಸಾಧ್ಯ. ಅಭ್ಯಾಸ ತಪ್ಪಿದರೆ ಸುಲಭವಾಗಿ ಮರಳದು.

ಆದುದರಿಂದ ನನ್ನ ವಿನಂತಿ ಇಷ್ಟೇ. ಸಂಜೆ ಮನೆಯವರೆಲ್ಲರೂ ಕೂಡಿ ಜಪಸರ ಪ್ರಾರ್ಥನೆ ಮಾಡಿರಿ. ಬರುವ ಭಾನುವಾರ ಪ್ರವೇಶಗೀತೆ ಆರಂಭವಾದಾಗ ನೀವೂ ದನಿಗೂಡಿಸಿರಿ. ರಾಗ ತಪ್ಪಿದರೂ ಚಿಂತೆಯಿಲ್ಲ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.